ಅಕ್ಕನನ್ನು ವೇದಿಕೆಗೆ ಕರೆದೊಯ್ದ ವರ್ಷಗಳು

ನನ್ನ ಕಾದಂಬರಿ ಬಿಡುಗಡೆಯಾದ ಎರಡನೆಯ ವರ್ಷದ ಕೊನೆಗೆ ಅದನ್ನು ಕೇಳುವವರೇ ಇಲ್ಲವಾದರು. ಡೊಂಬಿವಲಿಯ ನಮ್ಮ ಸಣ್ಣ ಮನೆಯಲ್ಲಿ ಮಂಚದ ಕೆಳಗೆ, ಕಪಾಟಿನ ಮೇಲೆ, ಬಾಗಿಲ ಹಿಂದೆ ಪುಸ್ತಕದ ಕಟ್ಟುಗಳು ಹಾಗೆಯೇ ಕೂತಿದ್ದವು. ಪ್ರಕಾಶಕರು ನಮ್ಮ ಧಾರವಾಡದ ಕಡೆಯವರು. ತಮ್ಮ ಪಾಲಿನ ಪ್ರತಿಗಳನ್ನು ಗ್ರಂಥಾಲಯಗಳಿಗೆ ಕಳಿಸಿ, ಮುಂಬಯಿ ಭಾಗದ ಓದುಗರನ್ನು ನೀವೇ ನೋಡಿಕೊಳ್ಳಬೇಕು ಎಂದು ಮೊದಲೇ ಹೇಳಿದ್ದರು. ನೋಡಿಕೊಳ್ಳುವುದೆಂದರೆ ಏನೆಂದು ಆಗ ನನಗೆ ಗೊತ್ತಿರಲಿಲ್ಲ.

ಮೊದಲ ವರ್ಷ ಸಲೀಸಾಗಿ ಹೋಯಿತು. ಇಲ್ಲಿಯದೇ ಬದುಕಿನ ಕಥೆ, ಬರೆದವಳೂ ಇಲ್ಲಿಯವಳೇ ಎಂದು ಕನ್ನಡ ಸಂಘಗಳು ಕರೆದು ಕೂರಿಸಿದವು. ನಾನು ತುರ್ಭೆಯ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸಕ್ಕಿದ್ದೆ. ಭಾನುವಾರವಾದರೆ ಎರಡು ಚೀಲಗಳಲ್ಲಿ ಪುಸ್ತಕ ತುಂಬಿಕೊಂಡು ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತುತ್ತಿದ್ದೆ. ಎರಡನೆಯ ವರ್ಷ ಅದೇ ಸಭಾಂಗಣಗಳಲ್ಲಿ ಅದೇ ಮುಖಗಳು. ಒಮ್ಮೆ ಕೊಂಡವರು ಇನ್ನೊಮ್ಮೆ ಕೊಳ್ಳುವುದಿಲ್ಲ; ಪ್ರೀತಿಯಿಂದ ಯೋಗಕ್ಷೇಮ ಕೇಳಿ ಚಹದ ಕಡೆಗೆ ಹೋಗುತ್ತಾರೆ. ಪುಸ್ತಕದ ಒಳಗೆ ಏನೂ ಬದಲಾಗುವುದಿಲ್ಲ, ಆದ್ದರಿಂದ ಅದರ ಸುತ್ತಲಿನದನ್ನು ಬದಲಾಯಿಸುತ್ತಲೇ ಇರಬೇಕು ಎಂಬುದು ನನಗೆ ನಿಧಾನವಾಗಿ ತಿಳಿಯಿತು.

ಹಾಗಾಗಿ ಒಂದೊಂದೇ ಉಪಾಯ ಮಾಡಿದೆ. ನೌಪಾಡಾದ ಉಡುಪಿ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮೇಲೆ, ಸೋಂಪಿನ ತಟ್ಟೆಯ ಪಕ್ಕ ಎರಡೆರಡು ಪ್ರತಿ ಇಡಿಸಿದೆ. ಮಾಲೀಕರು ಸಂಕೋಚಕ್ಕೆ ಒಪ್ಪಿಕೊಂಡರು. ಕೆಲವು ತಿಂಗಳ ನಂತರ ಪುಸ್ತಕಗಳು ಎಣ್ಣೆಯ ಬೆರಳಚ್ಚು ಹೊತ್ತು ವಾಪಸು ಬಂದವು. ಒಂದು ಅಧ್ಯಾಯವನ್ನಷ್ಟೇ ಬೇರೆ ಅಚ್ಚು ಹಾಕಿಸಿ ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಿಗೆ ಎಳ್ಳುಬೆಲ್ಲದ ಜೊತೆ ಹಂಚಿದೆ. ಹೋಟೆಲಿನವರು ಹೆಚ್ಚಿದ್ದ ಸಭೆಯಲ್ಲಿ ಅಡುಗೆಮನೆಯ ಭಾಗ ಓದಿದೆ, ಆಫೀಸಿನವರು ಹೆಚ್ಚಿದ್ದ ಕಡೆ ರೈಲಿನ ಭಾಗ. ಹಳೆಯ ಪ್ರತಿಗಳಿಗೇ ಹೊಸ ಹೊರಕವಚ ಸುತ್ತಿಸಿದೆ. ಒಂದಷ್ಟು ಹೋದವು. ಆಮೇಲೆ ಮತ್ತೆ ನಿಂತುಹೋಯಿತು.

ಆಗ ಥಾಣೆಯ ಒಂದು ಕನ್ನಡ ಸಂಘದ ಕಾರ್ಯದರ್ಶಿ ನನಗೊಂದು ಸಲಹೆ ಕೊಟ್ಟರು. ಹೋಟೆಲು ನಡೆಸಿ ಪಳಗಿದ ಮನುಷ್ಯ, ಗಿರಾಕಿಯ ಮನಸ್ಸು ಬಲ್ಲವರು. "ನೋಡಿ ಮೇಡಂ, ಪುಸ್ತಕ ಹಳತಾಯ್ತು. ಆದ್ರೆ ಅದರಲ್ಲಿರುವ ಹೆಂಗ್ಸು ಇಲ್ಲೇ ಮುಂಬ್ರಾದಲ್ಲಿ ಇದ್ದಾರೆ ಅಂತೀರಿ. ಅವರನ್ನೇ ಕರ್ಕೊಂಡು ಬನ್ನಿ. ಜನ ನೋಡ್ಲಿ."

ಆ ಹೆಂಗಸು, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವರು. ಮದುವೆಗೆ ಮುಂಚೆ ನಾನು ಮುಂಬ್ರಾದ ಪಕ್ಕದ ಕಳವಾ ಊರಿನಲ್ಲಿ ಅಣ್ಣನ ಮನೆಯಲ್ಲಿದ್ದಾಗ ಈ ಅಕ್ಕನ ಖಾನಾವಳಿಯಿಂದಲೇ ನಮಗೆ ಊಟದ ಡಬ್ಬಿ ಬರುತ್ತಿತ್ತು. ಉಡುಪಿಯ ಕಡೆಯಿಂದ ಮದುವೆಯಾಗಿ ಮುಂಬ್ರಾದ ಚಾಳಿಗೆ ಬಂದವರು. ಗಂಡ ಕಲ್ಯಾಣದ ಒಂದು ಹೋಟೆಲಿನಲ್ಲಿ ಅಡುಗೆಗಿದ್ದರು. ಮಗಳು ಇನ್ನೂ ತೊದಲು ಮಾತಾಡುತ್ತಿದ್ದಾಗ, ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಹಳಿ ದಾಟುವಾಗ ಗಾಡಿಗೆ ಸಿಕ್ಕಿ ತೀರಿಕೊಂಡರು. ಖಾನಾವಳಿ ಶುರುವಾದದ್ದು ಆಮೇಲೆ.

ಒಂದು ಮಧ್ಯಾಹ್ನ ಬಟಾಟೆ ಸುಲಿಯುತ್ತ ಅಕ್ಕ ಆ ಬೆಳಗಿನ ವಿಷಯ ನನಗೆ ಹೇಳಿದ್ದರು. ಹಿಂದಿನ ಸಂಜೆ ಗಂಡನ ತಾಯಿಯನ್ನು ಊರಿಂದ ಕರೆಸುವ ವಿಚಾರಕ್ಕೆ ಮಾತಿಗೆ ಮಾತು ಬೆಳೆದಿತ್ತು. ಬೆಳಿಗ್ಗೆ ಗಂಡ ಚಹ ಕುಡಿಯದೆ ಹೊರಟರು. ಕುಡಿದು ಹೋಗಿ ಎಂದು ಇವರು ಹೇಳಲಿಲ್ಲ. ಅವರು ತಿರುಗಿ ನೋಡಲಿಲ್ಲ, ಇವರೂ ಒಲೆಯ ಕಡೆಗೆ ಮುಖ ಮಾಡಿಕೊಂಡಿದ್ದರು. ಅಷ್ಟೇ. ತನ್ನ ಬಾಗಿಲಿಂದ ಯಾರೂ ಹಸಿದು ಹೋಗಬಾರದು ಎಂಬುದು ತಲೆಗೆ ಹೊಕ್ಕದ್ದು ಆವತ್ತಿನಿಂದ, ಖಾನಾವಳಿ ಹಾಕಿದ್ದಕ್ಕೆ ಮುಖ್ಯ ಕಾರಣ ಅದೇ ಎಂದು ಅಕ್ಕ ಹೇಳಿ ಸಿಪ್ಪೆ ಬಾಚಿ ಎದ್ದುಹೋಗಿದ್ದರು.

ಬರೆಯುವಾಗ ನನಗೆ ಆ ಮೌನವನ್ನು ಹಾಗೇ ಬಿಡಲಾಗಲಿಲ್ಲ. ಕಾದಂಬರಿಯಲ್ಲಿ ಗಂಡ ಮೆಟ್ಟಿಲಿಳಿಯುತ್ತ ನಡುವೆ ನಿಂತು, ತಿರುಗಿ ನೋಡಿ, "ಬಾಗಿಲು ಹಾಕ್ಕೋ, ಗಾಳಿ ಉಂಟು" ಎನ್ನುತ್ತಾನೆ. ಅವರಿಬ್ಬರ ನಡುವಿನ ಕೊನೆಯ ಮಾತು ಅದು. ಹೆಸರು ಬೇರೆ, ಊರು ಬೇರೆ, ಕಾದಂಬರಿ ಎಂದ ಮೇಲೆ ಕಲ್ಪಿಸುವ ಹಕ್ಕು ನನಗಿತ್ತು. ಓದಿದವರೆಲ್ಲ ಆ ಪುಟದಲ್ಲಿ ಅತ್ತೆವು ಎಂದರು. ನನಗೆ ಹೆಮ್ಮೆಯಾಗಿತ್ತು.

ಥಾಣೆಯ ಕಾರ್ಯಕ್ರಮಕ್ಕೆ ಅಕ್ಕ ಸಂತೋಷದಿಂದಲೇ ಬಂದರು. ಯಾರೋ ತಮ್ಮನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸುವುದು ಅವರಿಗೆ ಹೊಸತು. ನಾನು ಮೆಟ್ಟಿಲಿನ ಭಾಗ ಓದಿದೆ. ಓದಿ ಮುಗಿಸಿದಾಗ ಕಾರ್ಯದರ್ಶಿ ಮೈಕನ್ನು ಅಕ್ಕನ ಕೈಗೆ ಕೊಟ್ಟು ಆ ದಿನದ ಬಗ್ಗೆ ಕೇಳಿದರು. ಅಕ್ಕ ನಕ್ಕುಬಿಟ್ಟರು. "ಅದೆಲ್ಲ ಇವರು ಬರ್ದದ್ದು. ನಮ್ಮವರು ಹಾಗೆ ತಿರುಗಿ ನೋಡುವ ಜನ ಅಲ್ಲ."

ಸಭೆಯೂ ನಕ್ಕಿತು. ಆದರೆ ಅಷ್ಟು ಹೊತ್ತು ಒದ್ದೆಯಾಗಿದ್ದ ಕಣ್ಣುಗಳು ಒಣಗಿದ್ದನ್ನು ನಾನು ವೇದಿಕೆಯಿಂದ ಕಂಡೆ. ಮೇಜಿನ ಮೇಲಿನ ಪುಸ್ತಕಗಳು ಹೆಚ್ಚು ಕದಲಲಿಲ್ಲ. ಸ್ಟೇಷನ್ನಿಗೆ ರಿಕ್ಷಾದಲ್ಲಿ ಬರುವಾಗ ನಾನು ಅಕ್ಕನಿಗೆ ಮೆತ್ತಗೆ ಹೇಳಿದೆ. ಆ ಮಾತು ಆಡಿದರೆ ಓದುಗರಿಗೆ ನಿರಾಸೆಯಾಗುತ್ತದೆ, ಇದ್ದದ್ದು ಇಲ್ಲದ್ದು ನಮ್ಮೊಳಗೆ ಇರಲಿ, ಕೇಳಿದರೆ ಸುಮ್ಮನೆ ಹೂಂ ಅಂದುಬಿಡಿ. ಅಕ್ಕ ನನ್ನ ಚೀಲದಲ್ಲಿ ಉಳಿದ ಪುಸ್ತಕಗಳ ಕಡೆ ನೋಡಿ, ಆಯಿತು, ನಿನಗೆ ಉಪಕಾರ ಆಗುವುದಾದರೆ ಹಾಗೇ ಆಗಲಿ ಎಂದರು.

ಮುಂದಿನ ಕಾರ್ಯಕ್ರಮದಲ್ಲಿ ಅವರು ಹೂಂ ಎಂದರು. ಪುಸ್ತಕಗಳು ಹೋದವು.

ಅಲ್ಲಿಂದ ಹಲವು ವರ್ಷ ಅದು ನಡೆಯಿತು. ಡೊಂಬಿವಲಿ, ಕಲ್ಯಾಣ, ವಾಶಿ, ನೆರೂಲ್. ನವೆಂಬರಿನಲ್ಲಿ ರಾಜ್ಯೋತ್ಸವ, ಭಾದ್ರಪದದಲ್ಲಿ ಗಣಪತಿ, ನಡುವೆ ಮಹಿಳಾ ವಿಭಾಗದ ಸಭೆಗಳು. ಪ್ರತಿ ವರ್ಷ ಏನಾದರೂ ಒಂದು ಹೊಸತು ಬೇಕಿತ್ತು, ನಾನು ಹುಡುಕುತ್ತಿದ್ದೆ. ಒಂದು ವರ್ಷ ಅಕ್ಕನ ಕೈಯಿಂದಲೇ ಓದುಗರಿಗೆ ಪ್ರತಿ ಕೊಡಿಸಿದೆ. ಇನ್ನೊಂದು ವರ್ಷ ಒಲೆಯ ಮುಂದಿನ ಅವರ ಚಿತ್ರವನ್ನು ಮುಖಪುಟಕ್ಕೆ ಹಾಕಿಸಿ ಮರುಮುದ್ರಣ ಮಾಡಿಸಿದೆ. ಫೇಸ್‌ಬುಕ್ ಬಂದಾಗ ಪುಸ್ತಕದ ಹೆಸರಿನಲ್ಲಿ ಪುಟ ತೆರೆದು ವಾರಕ್ಕೊಂದು ಸಾಲು, ಅದರ ಜೊತೆ ಅಕ್ಕನ ಮುಖ. ವಾಟ್ಸಪ್ ಬಂದ ಮೇಲೆ ಅವರ ದನಿಯನ್ನೇ ಫೋನಿನಲ್ಲಿ ಹಿಡಿದು ಸಂಘಗಳ ಗುಂಪುಗಳಿಗೆ ಕಳಿಸಿದೆ. ಎಲ್ಲರೂ ಕೇಳುತ್ತಿದ್ದದ್ದು ಮೆಟ್ಟಿಲಿನ ಕಥೆಯನ್ನೇ.

ಅಕ್ಕ ಅಕ್ಷರ ಕೂಡಿಸಿ ಓದುವವರು. ಇಡೀ ಪುಸ್ತಕವನ್ನು ಅವರು ಓದಿರಲಿಲ್ಲ, ನಾನೂ ಕೂತು ಓದಿ ಹೇಳಿರಲಿಲ್ಲ. ಸಭೆಗಳಲ್ಲಿ ನಾನು ಓದಿದ ತುಣುಕುಗಳಷ್ಟೇ ಅವರ ಕಿವಿಗೆ ಬಿದ್ದದ್ದು, ಮತ್ತೆ ಮತ್ತೆ ಬಿದ್ದದ್ದು. ಮೊದಲು ಹೂಂ ಎನ್ನುತ್ತಿದ್ದವರು ಕೆಲವು ವರ್ಷಗಳಲ್ಲಿ "ಹೌದು, ತಿರುಗಿ ನೋಡಿದ್ರು" ಎನ್ನತೊಡಗಿದರು. ಆಮೇಲೆ ಕಣ್ಣೊರೆಸಿಕೊಳ್ಳತೊಡಗಿದರು. ನೆರೂಲಿನ ಒಂದು ಸಭೆಯಲ್ಲಿ, ಗಂಡನ ಹೆಗಲ ಮೇಲೆ ನೀಲಿ ಟವೆಲ್ ಇತ್ತು, ಕೈ ಮೆಟ್ಟಿಲ ಪಕ್ಕದ ಕಠಡಿಯ ಮೇಲಿತ್ತು ಎಂದರು. ನಾನು ಬರೆದ ಪುಟದಲ್ಲಿ ಟವೆಲ್ಲೂ ಇಲ್ಲ, ಕಠಡಿಯೂ ಇಲ್ಲ. ಅಕ್ಕ ವೇದಿಕೆ ಕಲಿತುಬಿಟ್ಟರು ಎಂದು ನಾನು ಮನಸ್ಸಿನಲ್ಲೇ ಹಿಗ್ಗಿದೆ. ಆ ಹಿಗ್ಗು ನೆನಪಾದರೆ ಈಗಲೂ ಮೈ ಹಿಡಿಯಷ್ಟಾಗುತ್ತದೆ.

ಹತ್ತನೆಯ ವರ್ಷ ಹತ್ತಿರವಾದಾಗ ಪ್ರಕಾಶಕರೇ ಫೋನ್ ಮಾಡಿದರು. ದಶಕದ ವಿಶೇಷ ಆವೃತ್ತಿ ತರೋಣ, ಜೊತೆಗೆ ಅಕ್ಕನ ಒಂದು ಸಣ್ಣ ವಿಡಿಯೋ ಮಾಡಿಸಿ, ಅದೇ ಚಾಳು, ಅದೇ ಮೆಟ್ಟಿಲು ಎಂದರು. ಮದುವೆಗಳ ವಿಡಿಯೋ ತೆಗೆಯುವವರೊಬ್ಬರನ್ನು ಗೊತ್ತುಮಾಡಿಕೊಂಡು ಒಂದು ಭಾನುವಾರ ಬೆಳಿಗ್ಗೆ ಮುಂಬ್ರಾಕ್ಕೆ ಹೋದೆ. ಅಕ್ಕ ಒಳ್ಳೆಯ ಸೀರೆ ಉಟ್ಟು ಕಾಯುತ್ತಿದ್ದರು. ಮೆಟ್ಟಿಲ ತುದಿಯಲ್ಲಿ ನಿಂತು ಗಂಡ ನಿಂತ ಜಾಗವನ್ನು ಬೆರಳು ಮಾಡಿ ತೋರಿಸಿದರು, ಹೇಳಿದರು, ಅತ್ತರು. ಬೆಳಕು ಸರಿ ಬರಲಿಲ್ಲ ಎಂದು ವಿಡಿಯೋದವರು ಇನ್ನೊಮ್ಮೆ ಹೇಳಿಸಿದರು. ಅಕ್ಕ ಇನ್ನೊಮ್ಮೆ ಅತ್ತರು.

ಅಕ್ಕನ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು, ನವಿ ಮುಂಬಯಿಯ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಕೆಲಸ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ನನ್ನನ್ನು ರಿಕ್ಷಾ ಸ್ಟ್ಯಾಂಡಿನವರೆಗೆ ಬಿಡಲು ಬಂದಳು. ಅರ್ಧ ದಾರಿಯಲ್ಲಿ ನಿಂತಳು. "ಆಂಟಿ, ಪಪ್ಪಾ ತೋ ಮುಡ್‌ಕೇ ದೇಖೇ ಹೀ ನಹೀ ಥೇ." ಅಪ್ಪ ತಿರುಗಿ ನೋಡಿರಲೇ ಇಲ್ಲವಲ್ಲ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಚಿಕ್ಕವಳಿದ್ದಾಗ ತಾನು ಊಟ ಬಿಟ್ಟು ಮುನಿಸಿಕೊಂಡು ಶಾಲೆಗೆ ಹೊರಟಾಗಲೆಲ್ಲ ಅಮ್ಮ ಬಾಗಿಲಿಗೆ ಅಡ್ಡ ನಿಂತು ಅಪ್ಪನ ಆ ಬೆಳಗನ್ನು ಹೇಳುತ್ತಿದ್ದರಂತೆ. ಹೀಗೆ ಹೋದವರು ಬರಲಿಲ್ಲ, ತಿಂದು ಹೋಗು ಎಂದು. ಅಪ್ಪನ ಬಗ್ಗೆ ಅವಳಿಗೆ ಇದ್ದದ್ದು ಅದೊಂದೇ ನೆನಪು, ಅದೂ ಅಮ್ಮನಿಂದ ಬಂದದ್ದು. ಈಗ ಕೇಳಿದರೆ ಅಮ್ಮ ಪುಸ್ತಕದ್ದನ್ನೇ ಹೇಳುತ್ತಾರೆ. ನೀನೇ ಮೊದಲು ಬೇರೆ ಹೇಳುತ್ತಿದ್ದೆ ಎಂದರೆ, ನಿನಗೇನು ಗೊತ್ತು, ನೀನಾಗ ಮಗು ಎಂದು ಬೈಯುತ್ತಾರೆ. ಇಷ್ಟು ಹೇಳಿ ಅವಳು ನನಗಾಗಿ ರಿಕ್ಷಾ ನಿಲ್ಲಿಸಿ ಹಿಂತಿರುಗಿದಳು.

ಮನೆಗೆ ಬರುವ ದಾರಿಯಲ್ಲಿ ನಾನು ನನ್ನ ಪರವಾಗಿಯೇ ವಾದ ಮಾಡಿಕೊಂಡೆ. ಅಕ್ಕನಿಗೆ ಒಂದು ಒಳ್ಳೆಯ ನೆನಪು ಸಿಕ್ಕಿದೆ, ಅದರಿಂದ ಯಾರಿಗೆ ನಷ್ಟ? ಆ ವಾದ ನಾಲ್ಕಾರು ದಿನ ತಡೆಯಿತು. ಆಮೇಲೆ ವಿಡಿಯೋ ಫೋನಿಗೆ ಬಂತು. ಆಫೀಸಿನ ಊಟದ ಬಿಡುವಿನಲ್ಲಿ ಇಯರ್‌ಫೋನ್ ಕಿವಿಗೆ ಹಾಕಿಕೊಂಡು ನೋಡಿದೆ. ಅಕ್ಕ ಹೇಳುತ್ತಿದ್ದರು: "ಅವರು ಕ್ಷಣಕಾಲ ನಿಂತ್ರು." ನಾನು ಅಲ್ಲೇ ನಿಲ್ಲಿಸಿದೆ. ಕ್ಷಣಕಾಲ ಎಂಬುದು ಅಕ್ಕನ ಬಾಯಿಯ ಮಾತಲ್ಲ. "ಸ್ವಲ್ಪ ಹೊತ್ತು" ಎನ್ನುವವರು ಅವರು. ಅದು ನನ್ನ ಶಬ್ದ. ಮುಂದಿನ ವಾಕ್ಯವೂ ನನ್ನದು, ಉಸಿರು ತೆಗೆದುಕೊಳ್ಳುವ ಜಾಗವೂ ನಾನು ಓದುವಾಗ ನಿಲ್ಲುವ ಜಾಗವೇ. ಡಬ್ಬಿ ಮುಚ್ಚಿಟ್ಟೆ. ಆವತ್ತು ಮಧ್ಯಾಹ್ನ ಮಾಡಿದ ಲೆಕ್ಕವನ್ನೆಲ್ಲ ಮರುದಿನ ಮತ್ತೆ ಮಾಡಬೇಕಾಯಿತು.

ಸಂಜೆ ಪ್ರಕಾಶಕರಿಗೆ ಫೋನ್ ಮಾಡಿ ವಿಡಿಯೋ ಹಾಕುವುದು ಬೇಡ, ಆವೃತ್ತಿಯನ್ನೂ ತಡೆಹಿಡಿಯಿರಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಇಷ್ಟು ವರ್ಷ ನೀರೆರೆದು ಈಗ ಫಲ ಬರುವಾಗ ಹೀಗೆ ಮಾಡುತ್ತೀರಲ್ಲ ಎಂದು ಬೇಸರಿಸಿದರು. ತಡವಾದರೆ ದಶಕ ಎಂಬ ಮಾತಿಗೇ ಅರ್ಥವಿಲ್ಲ ಎಂದರು. ನಾನು ಪಟ್ಟು ಬಿಡಲಿಲ್ಲ. ಆದರೆ ತಡೆದ ಮೇಲೆ ಏನು ಮಾಡಬೇಕೆಂಬುದು ನನಗೇ ಗೊತ್ತಿರಲಿಲ್ಲ. ಅಕ್ಕನ ಎದುರು ಕೂತು ನಿಮ್ಮ ನೆನಪು ಸುಳ್ಳು ಎಂದು ಹೇಗೆ ಹೇಳುವುದು? ಹೇಳದಿದ್ದರೆ ಏನು ಸರಿಮಾಡಿದಂತಾಯಿತು? ಕೊನೆಗೆ ಒಂದು ದಾರಿ ತೋಚಿತು. ಅಷ್ಟು ಸಭಾಂಗಣಗಳಲ್ಲಿ ಓದಿದ ನಾನು ಅಕ್ಕನಿಗೆ ಓದಿರಲಿಲ್ಲ. ಮೊದಲ ಪುಟದಿಂದ ಅವರಿಗೆ ಓದಿ ಹೇಳುವುದು. ಬರುವುದು ಬಂದಾಗ ನೋಡಿಕೊಳ್ಳುವುದು.

ಭಾನುವಾರದ ಊಟದ ಡಬ್ಬಿಗಳು ಹೊರಟುಹೋದ ಮೇಲೆ ಅಕ್ಕನಿಗೆ ಬಿಡುವು. ಅವರು ಗೋಡೆಗೆ ಒರಗಿ ಕೂರುತ್ತಿದ್ದರು, ನಾನು ಓದುತ್ತಿದ್ದೆ. ಮೊದಲೆರಡು ವಾರ ಸೊಗಸಾಗಿ ಹೋಯಿತು. ಎಷ್ಟೋ ಕಡೆ ತಡೆದು, ಇದು ಹೀಗಲ್ಲ ಎನ್ನುತ್ತಿದ್ದರು. ಚಾಳಿನ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಬೆಳಿಗ್ಗೆ ಅಲ್ಲ, ಮಧ್ಯಾಹ್ನ. ಪಕ್ಕದ ಮನೆಯವಳು ನೀನು ಬರೆದಷ್ಟು ಒಳ್ಳೆಯವಳಲ್ಲ. ಒಂದು ಕಡೆ ಬಿದ್ದು ಬಿದ್ದು ನಕ್ಕರು. ಮಗಳು ರಜೆಯಿದ್ದ ದಿನ ಒಳಕೋಣೆಯಲ್ಲಿ ಬಟ್ಟೆ ಮಡಚುತ್ತ ಕೇಳಿಸಿಕೊಳ್ಳುತ್ತಿದ್ದಳು.

ಮೂರನೆಯ ವಾರ ಆ ಪುಟ ಬಂತು. ಎಷ್ಟೋ ಸಲ ಓದಿದ ಪುಟ. ಪುಸ್ತಕ ನೋಡದೆ ಹೇಳಬಲ್ಲೆ. ಗಂಡ ಚಪ್ಪಲಿ ಮೆಟ್ಟುವಲ್ಲಿಗೆ ಪುಸ್ತಕವನ್ನು ತೊಡೆಯ ಮೇಲೆ ಮಗುಚಿದೆ. ನಾನು ನಿಂತದ್ದನ್ನು ಕಂಡು, ನನಗೆ ದುಃಖ ಬಂತೆಂದುಕೊಂಡು, ಅಕ್ಕನೇ ಮುಂದಿನ ಸಾಲುಗಳನ್ನು ಹೇಳಿದರು. ಒಂದು ಅಕ್ಷರ ತಪ್ಪಿಲ್ಲದೆ.

"ಅಕ್ಕಾರ, ಇದು ನಾ ಕಟ್ಟಿ ಬರದದ್ದು," ಎಂದೆ. "ಇದು ನಡದಿಲ್ಲ. ನೀವು ನನಗ ಹೇಳಿದ್ದು ಬ್ಯಾರೆ ಇತ್ತು. ಸಭಾದಾಗ ಹೂಂ ಅನ್ರಿ ಅಂತ ನಾನಽ ಹೇಳಿದ್ದೆ ನಿಮಗ."

ಅಕ್ಕ ನನ್ನ ಮುಖವನ್ನೇ ನೋಡಿದರು. ಒಳಗೆ ಬಟ್ಟೆ ಮಡಚುವ ಸದ್ದು ನಿಂತಿತು.

"ಹಾಗಾದ್ರೆ ಅವರು ತಿರುಗಿ ನೋಡ್ಲೇ ಇಲ್ವಾ?"

ಆ ಪ್ರಶ್ನೆಯನ್ನು ಅವರು ಕೇಳಿದ ರೀತಿಯನ್ನು ನಾನು ಬರೆಯಲಾರೆ. ಗಂಡ ಸತ್ತ ಸುದ್ದಿಯನ್ನು ಅವರಿಗೆ ಮೊದಲು ಯಾರು ತಂದರೋ ಗೊತ್ತಿಲ್ಲ. ಎರಡನೆಯ ಸಲ ತಂದವಳು ನಾನು. ಇಲ್ಲ ಎಂದು ತಲೆಯಾಡಿಸಿದೆ. ಅಕ್ಕ, ನಾನು ನಿನಗೆ ಆಗ ಏನು ಹೇಳಿದ್ದೆ, ಅದನ್ನು ಹೇಳು ಎಂದರು.

ಹೇಳತೊಡಗಿದೆ. ಹಿಂದಿನ ಸಂಜೆಯ ಜಗಳ, ತಾಯಿಯನ್ನು ಕರೆಸುವ ಮಾತು, ಕುಡಿಯದೆ ಬಿಟ್ಟ ಚಹ. ಅಷ್ಟು ಬಂತು. ಅಲ್ಲಿಂದ ಮುಂದೆ ನನಗೇ ದಾರಿ ತಪ್ಪಿತು. ಚಹ ಸೋಸಿ ಇಟ್ಟಿದ್ದರೋ, ಒಲೆಯ ಮೇಲೇ ಇತ್ತೋ? ಮಗು ಎದ್ದಿತ್ತೆಂದು ಅಕ್ಕ ಹೇಳಿದ್ದರೋ, ಅದು ನಾನು ಮುಂದಿನ ಅಧ್ಯಾಯಕ್ಕಾಗಿ ಸೇರಿಸಿದ್ದೋ? ಆ ಮಧ್ಯಾಹ್ನ ಅವರು ನಂಬಿ ಕೊಟ್ಟ ಮಾತು ನನ್ನ ಬಳಿಯಾದರೂ ಹಾಗೇ ಇರುತ್ತದೆ ಎಂದುಕೊಂಡಿದ್ದೆ. ನನ್ನಲ್ಲೂ ಉಳಿದಿರಲಿಲ್ಲ. ಪುಸ್ತಕ ಮಾರಲು ಮತ್ತೆ ಮತ್ತೆ ಹೇಳಿದ ಕಥೆ ಅದನ್ನು ತಿಂದುಹಾಕಿತ್ತು. ಗೊತ್ತಿಲ್ಲ ಅಕ್ಕಾರ ಎಂದೆ.

ಆಗ ಮಗಳು ಒಳಗಿಂದ ಬಂದು ಅಮ್ಮನ ಪಕ್ಕ ಕೂತಳು. ಚಹ ಒಲೆಯ ಮೇಲೆ ಉಕ್ಕಿಹೋಗಿತ್ತು, ನೀನು ಅದನ್ನು ಒರೆಸುತ್ತ ಕೂತಿದ್ದೆ, ಅದಕ್ಕೇ ನೀನೂ ನೋಡಲಿಲ್ಲ ಎಂದು ನನಗೆ ಹೇಳುತ್ತಿದ್ದೆ ಎಂದಳು. ಅಷ್ಟನ್ನೂ ಅವಳು ತೊಡರುತ್ತ ತೊಡರುತ್ತ ಕನ್ನಡದಲ್ಲೇ ಹೇಳಿದಳು. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದರು. ಇವತ್ತಿಗೆ ಸಾಕು, ಮನೆಗೆ ಹೋಗು ಎಂದು ನನಗೆ ಹೇಳಿದರು.

ಮುಂದಿನ ಕೆಲವು ವಾರ ಅಕ್ಕನ ಕರೆ ಬರಲಿಲ್ಲ. ನಾನೂ ಮಾಡಲಿಲ್ಲ. ಬಂದದ್ದು ಪ್ರಕಾಶಕರ ಕರೆ. ಹೇಗೂ ಅಚ್ಚಿನ ಕೆಲಸ ಅರ್ಧವಾಗಿದೆ, ಏನಾದರೊಂದು ತೀರ್ಮಾನ ಹೇಳಿ ಎಂದರು. ಮೆಟ್ಟಿಲಿನ ಪುಟವನ್ನು ತೆಗೆದುಹಾಕಿ, ಗಂಡ ಸುಮ್ಮನೆ ಇಳಿದುಹೋಗುವಂತೆ ತಿದ್ದಿ ಕೊಡುತ್ತೇನೆ ಎಂದೆ. ಒಂದು ರಾತ್ರಿ ಕೂತು ತಿದ್ದಿಯೂ ಬಿಟ್ಟೆ. ಆದರೆ ಕಳಿಸುವ ಮುಂಚೆ, ಈ ಸಲವಾದರೂ ಕೇಳದೆ ಮಾಡಬಾರದೆನ್ನಿಸಿ ಮುಂಬ್ರಾಕ್ಕೆ ಹೋದೆ.

ಅಕ್ಕ ಬಾಗಿಲು ತೆರೆದು, ಬಾ ಎಂದರು. ಸೊರಗಿದ್ದರು. ತಿದ್ದಿದ ಪುಟ ಓದಿ ಹೇಳಿದೆ. ಕೇಳಿ ಮುಗಿಸಿ, ಆ ಮಧ್ಯಾಹ್ನದ ನಂತರ ತಾನು ಎಷ್ಟು ಪ್ರಯತ್ನಿಸಿದರೂ ಆ ಎರಡು ಬೆಳಗೂ ಒಟ್ಟಿಗೇ ಕಣ್ಣಿಗೆ ಕಟ್ಟುತ್ತವೆ, ಯಾವುದು ಮೊದಲು ಬಂದದ್ದೆಂದು ಮಾತ್ರ ಈಗ ಗೊತ್ತಿದೆ ಎಂದರು. ನನ್ನ ಕೈಯಲ್ಲಿದ್ದ ಹಾಳೆಯನ್ನು ತೆಗೆದುಕೊಂಡು ಮಡಚಿದರು.

"ಇದು ಬೇಡ. ಮುಂಚಿನದ್ದೇ ಇರ್ಲಿ. ನಾನು ಇನ್ನು ಎಲ್ಲಿಯೂ ಬಂದು ಹೇಳುವುದಿಲ್ಲ, ನೀನೂ ನನ್ನದು ಅಂತ ಹೇಳ್ಬೇಡ. ಪುಸ್ತಕದ ಹೆಂಗ್ಸಿಗಾದ್ರೂ ಅವ ತಿರುಗಿ ನೋಡ್ಲಿ."

ಆವೃತ್ತಿ ಆ ಪುಟದೊಂದಿಗೇ ಬಂತು, ಮುಖಪುಟದಲ್ಲಿ ಅಕ್ಕನ ಚಿತ್ರವಿಲ್ಲದೆ. ಫೇಸ್‌ಬುಕ್ಕಿನ ಪುಟವನ್ನು ಮುಚ್ಚಿದೆ. ವಾಟ್ಸಪ್‌ನಲ್ಲಿ ಕಳಿಸಿದ್ದ ದನಿಯ ತುಣುಕುಗಳು ಮಾತ್ರ ಯಾವ ಯಾವ ಗುಂಪುಗಳಲ್ಲಿ ಇನ್ನೂ ಓಡಾಡುತ್ತಿವೆಯೋ. ಅವನ್ನು ಹಿಂದಕ್ಕೆ ಪಡೆಯುವ ದಾರಿ ನನಗೆ ಸಿಗಲಿಲ್ಲ. ಈಗ ಸಭೆಗಳಿಗೆ ಒಬ್ಬಳೇ ಹೋಗುತ್ತೇನೆ, ಬೇರೆ ಭಾಗ ಓದುತ್ತೇನೆ. ಮೆಟ್ಟಿಲಿನ ಘಟನೆ ನಿಜವಾಗಿ ನಡೆದದ್ದಂತೆ, ಆ ಅಮ್ಮ ಬಂದಿಲ್ಲವೇ ಎಂದು ಕಲ್ಯಾಣದಲ್ಲಿ ಮೊನ್ನೆ ಒಬ್ಬರು ಕೇಳಿದರು. ಅದು ನಾನು ಕಲ್ಪಿಸಿದ್ದು ಎಂದೆ. ಅವರು ಕೈಯಲ್ಲಿ ಹಿಡಿದಿದ್ದ ಪ್ರತಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೋದರು. ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ.